ಮ್ಯೂನಿಕ್‌ನ 70,000 ಯೂರೋ, ದುಬೈನ 20,000 ದಿರ್ಹಮ್: ಕೈಯಲ್ಲಿ ಉಳಿಯೋದು ಎಲ್ಲಿ ಹೆಚ್ಚು?

ಹೊಸಹಾದಿ ಕೇಳಿದ್ದು:

ಎರಡು ಆಫರ್ ಲೆಟರ್ ಇವೆ, ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಮ್ಯೂನಿಕ್: ವರ್ಷಕ್ಕೆ 70,000 ಯೂರೋ, ಕಡಿತಕ್ಕೆ ಮೊದಲಿನ ಮೊತ್ತ. ಸ್ಥಳಾಂತರಕ್ಕೆ ಒಂದೇ ಸಲ 4,000 ಯೂರೋ.

ದುಬೈ: ತಿಂಗಳಿಗೆ 20,000 ದಿರ್ಹಮ್. ಬೇಸಿಕ್ 10,000, ಮನೆ ಭತ್ಯೆ 6,000, ಇತರೆ 4,000.

ಎರಡೂ ಅಲ್ಲಿನ ಕಂಪನಿಗಳ ನೇರ ನೇಮಕ, ಆನ್‌ಸೈಟ್ (ಭಾರತದ ಕಂಪನಿ ಕಳಿಸುವುದು) ಅಲ್ಲ. ಹೆಂಡತಿ, 5 ವರ್ಷದ ಮಗು ಜೊತೆಗಿರುತ್ತಾರೆ. ಒಬ್ಬರದ್ದೇ ಸಂಬಳ. ಮೂರು ವರ್ಷ ಇದ್ದು ವಾಪಸ್ ಬರುವ ಅಂದಾಜು.

ಸಂಬಳವನ್ನು ನೇರ ರೂಪಾಯಿಗೆ ತಿರುಗಿಸಿದರೆ ಮ್ಯೂನಿಕ್ ಮುಂದಿದೆ. ತೆರಿಗೆ ಕಳೆದರೆ ದುಬೈ ಮುಂದಿದೆ. ಜೀವನವೆಚ್ಚ ಹೋಲಿಸುವ ಸೈಟ್‌ಗಳು, ಪಿಪಿಪಿ (ಕೊಳ್ಳುವ ಶಕ್ತಿ ಹೋಲಿಸುವ) ಕ್ಯಾಲ್ಕುಲೇಟರ್‌ಗಳು ಒಂದೊಂದೂ ಒಂದೊಂದು ಹೇಳುತ್ತವೆ. ಯಾವ ಲೆಕ್ಕ ನಂಬಬೇಕು?

---

ಲೆಕ್ಕದಪುಸ್ತಕ:

ಸಂಬಳಕ್ಕೆ ಸಂಬಳ ಹೋಲಿಸುವುದನ್ನು ಬಿಡಿ. ಹಣವನ್ನು ನಾಲ್ಕು ರಾಶಿ ಮಾಡಿ: ಅಲ್ಲೇ ಖರ್ಚಾಗುವುದು, ಊರಿಗೆ ಬರುವುದು, ಬೀಗ ಹಾಕಿ ಇಟ್ಟಂತೆ ಆಮೇಲೆ ಸಿಗುವುದು (ಪಿಂಚಣಿ, ಗ್ರ್ಯಾಚುಟಿ), ಒಂದೇ ಸಲ ಹೋಗುವುದು (ಠೇವಣಿ, ವೀಸಾ, ಪೀಠೋಪಕರಣ). ನಾಲ್ಕನ್ನೂ ಬೆರೆಸಿ ಒಂದೇ ಸಂಖ್ಯೆ ಹೇಳುವ ಕ್ಯಾಲ್ಕುಲೇಟರ್ ಯಾವುದೇ ಇರಲಿ, ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಪಿಪಿಪಿಯಲ್ಲಿ ಎಡವುವುದು ಇಲ್ಲಿ. ಅದು ಕೊಳ್ಳುವ ಶಕ್ತಿಯ ಅನುಪಾತ, ಅಂದರೆ ಅಲ್ಲಿ ಖರ್ಚು ಮಾಡುವ ಹಣಕ್ಕೆ ಮಾತ್ರ ಅರ್ಥವಿರುವ ಸಂಖ್ಯೆ. ಉಳಿಸಿ ಊರಿಗೆ ಕಳಿಸುವ ಪ್ರತಿ ಯೂರೋಗೂ ಮಾರುಕಟ್ಟೆ ದರದಲ್ಲೇ ರೂಪಾಯಿ ಸಿಗುತ್ತದೆ. ಇಡೀ ಸಂಬಳಕ್ಕೆ ಪಿಪಿಪಿ ಹಚ್ಚಿದರೆ ಉಳಿತಾಯ ಇರುವುದಕ್ಕಿಂತ ತೀರಾ ಕಡಿಮೆ ಕಾಣುತ್ತದೆ. ಇಡೀ ಸಂಬಳವನ್ನು ಮಾರುಕಟ್ಟೆ ದರದಲ್ಲಿ ಗುಣಿಸಿದರೆ ಖರ್ಚು ಮರೆತುಹೋಗುತ್ತದೆ. ಆದ್ದರಿಂದ ಖರ್ಚನ್ನು ಅಲ್ಲಿನ ಕರೆನ್ಸಿಯಲ್ಲೇ ಬರೆದು ಕಳೆಯಿರಿ, ಉಳಿದದ್ದನ್ನು ಮಾತ್ರ ಪರಿವರ್ತಿಸಿ.

ಊರೂರಿನ ಬೆಲೆ ಹೋಲಿಸುವ ನಂಬಿಯೋ ತರಹದ ಸೈಟಿನ ಸೂಚ್ಯಂಕದ ಬಗ್ಗೆ ಒಂದು ಮಾತು. ನ್ಯೂಯಾರ್ಕ್ 100 ಎಂದು ಹಿಡಿದು ಮಾಡಿದ ಅದರ ಮುಖ್ಯ ಜೀವನವೆಚ್ಚ ಸೂಚ್ಯಂಕದಲ್ಲಿ ಮನೆ ಬಾಡಿಗೆಯೇ ಸೇರಿಲ್ಲ. ಬಾಡಿಗೆ ಸೇರಿದ ಸೂಚ್ಯಂಕ ಬೇರೆ ಕಾಲಂನಲ್ಲಿದೆ. ನಿಮ್ಮ ಖರ್ಚಲ್ಲಿ ಹತ್ತಿರ ಅರ್ಧ ಬಾಡಿಗೆಯೇ ಆಗಿರುವಾಗ ಮೊದಲ ಕಾಲಂ ನೋಡಿ ಊರು ಆರಿಸುವುದು ಬೇಡ. ಮೇಲಾಗಿ ಅಲ್ಲಿನ ಬೆಲೆಗಳು ಬಳಕೆದಾರರು ತುಂಬಿದ್ದು. ಹಾಲು, ಬ್ರೆಡ್ಡಿನ ಬೆಲೆಗೆ ಪರವಾಗಿಲ್ಲ, ಶಾಲೆ ಶುಲ್ಕಕ್ಕೆ ಆಗುವುದಿಲ್ಲ.

---

ಇಸಾರ್_ದಂಡೆ:

ಮ್ಯೂನಿಕ್ ಲೆಕ್ಕ ನಾನು ಬರೆಯುತ್ತೇನೆ. ಇಲ್ಲಿನ ದರ, ಮಿತಿ, ಬೆಲೆ ಎಲ್ಲ 2025ರಲ್ಲಿ ಇದ್ದವು. ಪ್ರತಿ ಜನವರಿಗೆ ಮಿತಿಗಳು ಬದಲಾಗುತ್ತವೆ, ಸೇರುವ ವರ್ಷದ್ದನ್ನು ಹಾಕಿಕೊಳ್ಳಿ.

ನಿಮ್ಮ ಪಾಲಿನ ಸಾಮಾಜಿಕ ವಿಮೆ ಕಡಿತ: ಪಿಂಚಣಿ 9.3%, ನಿರುದ್ಯೋಗ ವಿಮೆ 1.3%, ಆರೋಗ್ಯ ವಿಮೆ 7.3% ಜೊತೆಗೆ ವಿಮಾ ಸಂಸ್ಥೆ ಹಾಕುವ ಹೆಚ್ಚುವರಿ ದರದ ಅರ್ಧ (ಸರಾಸರಿ 1.25%), ಆರೈಕೆ ವಿಮೆ (ಮುಂದೆ ಯಾರಾದರೂ ನೋಡಿಕೊಳ್ಳಬೇಕಾಗಿ ಬಂದರೆ ಅದಕ್ಕೆ) ಮಗು ಇರುವವರಿಗೆ 1.8%. ಆರೋಗ್ಯ ಮತ್ತು ಆರೈಕೆ ವಿಮೆಯನ್ನು 66,150 ಯೂರೋವರೆಗಿನ ಸಂಬಳಕ್ಕೆ ಮಾತ್ರ ಹಾಕುತ್ತಾರೆ. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು 14,270.

ತೆರಿಗೆಯಲ್ಲಿ ಮುಖ್ಯವಾದದ್ದು ತೆರಿಗೆ ವರ್ಗ, ಅಂದರೆ ಮದುವೆ, ಕುಟುಂಬದ ಸ್ಥಿತಿ ನೋಡಿ ತಿಂಗಳ ಕಡಿತ ಎಷ್ಟೆಂದು ಗೊತ್ತುಮಾಡುವ 1ರಿಂದ 6ರವರೆಗಿನ ಗುಂಪು. ಹೆಂಡತಿ ಜರ್ಮನಿಯಲ್ಲೇ ವಾಸವಿದ್ದು ನೀವು ವರ್ಗ 3 ತೆಗೆದುಕೊಂಡರೆ ಆದಾಯ ತೆರಿಗೆ ಸುಮಾರು 7,370. ವರ್ಗ 1ರಲ್ಲಿ ಅದೇ ಸಂಬಳಕ್ಕೆ ಸುಮಾರು 12,720. ತಿಂಗಳಿಗೆ ಕೈಗೆ ಬರುವುದು ವರ್ಗ 3ರಲ್ಲಿ ಸುಮಾರು 4,030, ವರ್ಗ 1ರಲ್ಲಿ ಸುಮಾರು 3,585. ಒಂದೇ ಆಫರ್ ಲೆಟರ್, 445 ಯೂರೋ ಅಂತರ!

ವರ್ಗ 3 ತಾನಾಗಿ ಬರುವುದಿಲ್ಲ. ಇಬ್ಬರೂ ವಿಳಾಸ ನೋಂದಾಯಿಸಿದ ಮೇಲೆ ಸಾಮಾನ್ಯವಾಗಿ 4/4 (ಇಬ್ಬರಿಗೂ ವರ್ಗ 4) ಬೀಳುತ್ತದೆ. 3/5ಕ್ಕೆ (ನಿಮಗೆ 3, ಹೆಂಡತಿಗೆ 5) ತೆರಿಗೆ ಕಚೇರಿಗೆ ಅರ್ಜಿ ಹಾಕಬೇಕು. ಮುಂದೆ ಹೆಂಡತಿಯೂ ದುಡಿದರೆ ಅವರದ್ದು ವರ್ಗ 5, ಅಂದರೆ ಅವರ ಸಂಬಳದಲ್ಲಿ ಕಡಿತ ಜೋರಾಗಿ ಕಾಣುತ್ತದೆ. ವರ್ಷದ ಕೊನೆಗೆ ಜಂಟಿ ರಿಟರ್ನ್‌ನಲ್ಲಿ ಒಟ್ಟು ತೆರಿಗೆ ಅಷ್ಟೇ, ತಿಂಗಳ ಹಂಚಿಕೆ ಮಾತ್ರ ಬೇರೆ.

ಮಗುವಿಗೆ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, ತಿಂಗಳಿಗೆ 255 ಯೂರೋ. ಇದಕ್ಕೂ ಅರ್ಜಿ ಬೇಕು. ಕೈಗೆ ಒಟ್ಟು 4,285.

ಈಗ ಖರ್ಚು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಕಾಲ್ಟ್‌ಮೀಟೆ, ಅಂದರೆ ಬರೀ ಗೋಡೆಯ ಬಾಡಿಗೆ. ಹೀಟಿಂಗ್, ನೀರು, ಕಸ, ಕಟ್ಟಡದ ನಿರ್ವಹಣೆ ಸೇರಿದರೆ ವಾರ್ಮ್‌ಮೀಟೆ. ಮ್ಯೂನಿಕ್ ಜರ್ಮನಿಯಲ್ಲೇ ದುಬಾರಿ ಊರು. ಹೊಸ ಒಪ್ಪಂದಕ್ಕೆ ಚದರ ಮೀಟರಿಗೆ 20 ಯೂರೋ ಮೇಲೆಯೇ ಹಿಡಿಯಿರಿ. 70 ಚ.ಮೀ. ಮನೆಗೆ ಕಾಲ್ಟ್ 1,450, ವಾರ್ಮ್ 1,750 ಎಂದು ಬರೆದುಕೊಳ್ಳೋಣ. ವಿದ್ಯುತ್ ಬೇರೆ, 80. ಮನೆಯಲ್ಲಿ ಟಿವಿ ಇರಲಿ ಇಲ್ಲದಿರಲಿ ಪ್ರಸಾರ ಶುಲ್ಕ 18.36. ಇಂಟರ್‌ನೆಟ್ ಮತ್ತು ಎರಡು ಫೋನ್ 70. ಡಾಯ್ಚ್‌ಲಾಂಡ್‌ಟಿಕೆಟ್ (ಬಸ್ಸು, ಸ್ಥಳೀಯ ರೈಲಿನ ತಿಂಗಳ ಪಾಸ್) ಇಬ್ಬರಿಗೆ 116, ಮಗುವಿಗೆ 6 ತುಂಬುವವರೆಗೆ ಬಸ್ಸು ರೈಲು ಉಚಿತ. ದಿನಸಿ ಮತ್ತು ಮನೆ ಸಾಮಾನು 750. ಶಿಶುವಿಹಾರ ಹಾಗೂ ಊಟ 200. ಇತರೆ 310. ಒಟ್ಟು ಹತ್ತಿರ 3,295. ತಿಂಗಳಿಗೆ 990 ಉಳಿಯುತ್ತದೆ. ದಿನಸಿ, ಇತರೆ ಎಂಬ ಸಾಲುಗಳು ನನ್ನ ಅಂದಾಜು, ನಿಮ್ಮ ಕೈ ಎಷ್ಟು ಬಿಗಿ ಎಂಬುದು ನಿಮಗೇ ಗೊತ್ತು.

ಆರೋಗ್ಯ ವಿಮೆಗೆ ಬೇರೆ ಸಾಲು ಬೇಡ. ದುಡಿಯದ ಸಂಗಾತಿ, ಮಗು ಇಬ್ಬರೂ ಸಾರ್ವಜನಿಕ ವಿಮೆಯಲ್ಲಿ ನಿಮ್ಮ ಜೊತೆ ಉಚಿತವಾಗಿ ಸೇರುತ್ತಾರೆ. 73,800 ದಾಟದ ಸಂಬಳಕ್ಕೆ ಆ ವಿಮೆಯೇ ಕಡ್ಡಾಯ, ಒಳ್ಳೆಯದೇ ಆಯಿತು. ಖಾಸಗಿ ವಿಮೆಯಲ್ಲಿ ತಲೆಗೊಂದು ಪ್ರೀಮಿಯಂ.

ಶಾಲೆಯೂ ಹಾಗೆಯೇ: ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಕಲಿಸುವುದು ಜರ್ಮನ್‌ನಲ್ಲಿ. ಮೂರು ವರ್ಷಕ್ಕೆ ವಾಪಸ್ ಬರುತ್ತೇವೆ, ಇಂಗ್ಲಿಷ್ ಮಾಧ್ಯಮವೇ ಬೇಕು ಎಂದು ಇಂಟರ್‌ನ್ಯಾಷನಲ್ ಶಾಲೆಗೆ ಹಾಕಿದರೆ ಮೇಲಿನ 990 ಅಲ್ಲೇ ಮುಗಿಯಿತು, ಇನ್ನೂ ಸಾಲದು. ಆಫರ್ ಒಪ್ಪುವ ಮೊದಲು ನಿರ್ಧರಿಸಬೇಕಾದ ವಿಷಯ ಇದು.

ಮೊದಲ ಮೂರು ತಿಂಗಳ ನಗದು: ಠೇವಣಿ ಕಾನೂನು ಪ್ರಕಾರ ಹೆಚ್ಚೆಂದರೆ ಮೂರು ಕಾಲ್ಟ್‌ಮೀಟೆ, ಇಲ್ಲಿ 4,350, ಮೂರು ಸಮ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ದಲ್ಲಾಳಿಯನ್ನು ಕರೆದವರೇ ಕಮಿಷನ್ ಕೊಡಬೇಕೆಂಬ ನಿಯಮ 2015ರಿಂದ ಇದೆ, ಹಾಗಾಗಿ ಸಾಮಾನ್ಯವಾಗಿ ಆ ಖರ್ಚು ನಿಮ್ಮದಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆ, ಸಿಂಕ್, ಒಲೆ ಯಾವುದೂ ಇರುವುದಿಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಅಡುಗೆಮನೆ ಮತ್ತು ಪೀಠೋಪಕರಣಕ್ಕೆ 6,000 ಎತ್ತಿಡಿ.

ತಾತ್ಕಾಲಿಕ ಮನೆ ಹಿಡಿಯುವಾಗ ಒಂದನ್ನು ಬರಹದಲ್ಲಿ ಕೇಳಿ: ವಿಳಾಸ ನೋಂದಣಿಗೆ ಬೇಕಾದ ಮಾಲೀಕರ ದೃಢೀಕರಣ ಪತ್ರ ಕೊಡುತ್ತೀರಾ ಎಂದು. ಅದಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಸಂಖ್ಯೆ ತಡವಾದರೆ ಕಂಪನಿ ವರ್ಗ 6ರಲ್ಲಿ ಕಡಿತ ಮಾಡಬಹುದು. ಅದು ಎಲ್ಲಕ್ಕಿಂತ ಹೆಚ್ಚಿನ ಕಡಿತ. ಆಮೇಲೆ ಸರಿಯಾಗುತ್ತದೆ ನಿಜ, ಆದರೆ ಕಾಸು ಬೇಕಾಗಿರುವುದು ಮೊದಲ ತಿಂಗಳಲ್ಲೇ.

---

ಮರಳುಗಾಳಿ:

ದುಬೈ ಕಡೆಯದ್ದು.

ಆದಾಯ ತೆರಿಗೆ ಇಲ್ಲ, ಸರಿ. ಆದರೆ ತೆರಿಗೆಯಿಂದ ಬೇರೆಡೆ ನಡೆಯುವ ಶಾಲೆ, ಕುಟುಂಬದ ಆರೋಗ್ಯ ವಿಮೆ, ವೃದ್ಧಾಪ್ಯದ ಉಳಿತಾಯ ಇಲ್ಲಿ ನಿಮ್ಮ ಜೇಬಿನಿಂದ. 20,000ದ ಎದುರು 4,285 ಯೂರೋ ಇಟ್ಟು ನೋಡುವಾಗ ಇದು ತಲೆಯಲ್ಲಿರಲಿ.

ಎರಡು ಬೆಡ್‌ರೂಮ್ ಮನೆ ವರ್ಷಕ್ಕೆ 96,000 ಎಂದು ಹಿಡಿಯುತ್ತೇನೆ. ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ಪದ್ಧತಿ ಕಡಿಮೆ. ಮುಂದಿನ ದಿನಾಂಕದ ಚೆಕ್‌ಗಳು, ಒಂದು, ಎರಡು, ನಾಲ್ಕು ಹೀಗೆ. ಚೆಕ್ ಕಡಿಮೆಯಾದಷ್ಟೂ ಬಾಡಿಗೆ ಇಳಿಸುತ್ತಾರೆ, ಆದರೆ ನಗದು ಒಟ್ಟಿಗೆ ಬೇಕು. ನಾಲ್ಕು ಚೆಕ್ ಆದರೆ ಕೀಲಿ ಕೈಗೆ ಬರುವ ದಿನಕ್ಕೆ ಬೇಕಾದದ್ದು:

ಮೊದಲ ಚೆಕ್ 24,000
ಠೇವಣಿ 5%, 4,800 (ಪೀಠೋಪಕರಣ ಸಹಿತದ ಮನೆಗೆ 10%)
ಏಜೆಂಟ್ 5% ಮತ್ತು ಅದರ ಮೇಲೆ ವ್ಯಾಟ್, 5,040
ಎಜಾರಿ (ಬಾಡಿಗೆ ಒಪ್ಪಂದದ ಸರ್ಕಾರಿ ನೋಂದಣಿ), ಸುಮಾರು 220
ಡೇವಾ (ವಿದ್ಯುತ್, ನೀರಿನ ಸಂಸ್ಥೆ) ಠೇವಣಿ, ಫ್ಲ್ಯಾಟಿಗೆ 2,000

ಒಟ್ಟು 36,000 ದಾಟಿತು. ಒಂದೇ ಚೆಕ್ ಕೇಳಿದರೆ 1,08,000. ಮೊದಲ ಸಂಬಳಕ್ಕೆ ಮುಂಚೆ ಇದು ಎಲ್ಲಿಂದ? ಮನೆ ಭತ್ಯೆಯನ್ನು ವರ್ಷಕ್ಕೋ ಆರು ತಿಂಗಳಿಗೋ ಮುಂಗಡವಾಗಿ ಕೊಡುವ ಕಂಪನಿಗಳಿವೆ. ಈಗಲೇ ಕೇಳಿ, ಸಹಿ ಹಾಕಿದ ಮೇಲೆ ಕೇಳಿದರೆ ಅದು ಸಾಲ ಎಂದಾಗುತ್ತದೆ.

ತಿಂಗಳ ಖರ್ಚು: ಬಾಡಿಗೆ 8,000. ವಾರ್ಷಿಕ ಬಾಡಿಗೆಯ 5% ವಸತಿ ಶುಲ್ಕ ಡೇವಾ ಬಿಲ್ಲಿನಲ್ಲೇ ಹಂಚಿ ಬರುತ್ತದೆ, 400. ಹೊಸಬರು ಇದನ್ನು ಕರೆಂಟ್ ಬಿಲ್ ಎಂದೇ ತಿಳಿದು ಬೆಚ್ಚುತ್ತಾರೆ. ವಿದ್ಯುತ್, ನೀರು, ಎಸಿ 1,000. ಎಸಿ ಮಾತ್ರ ಬಿಡಿಸಿ ಕೇಳಿ: ಕೆಲವು ಕಟ್ಟಡಗಳಲ್ಲಿ ಚಿಲ್ಲರ್ (ಇಡೀ ಕಟ್ಟಡ ತಂಪಾಗಿಸುವ ವ್ಯವಸ್ಥೆ) ಖರ್ಚು ಬಾಡಿಗೆಯೊಳಗೇ ಇರುತ್ತದೆ, ಕೆಲವದರಲ್ಲಿ ಬೇರೆ ಕಂಪನಿಯ ಬಿಲ್, ಅದಕ್ಕೊಂದು ಠೇವಣಿ ಬೇರೆ. ಶಾಲೆ ಮತ್ತು ಬಸ್ 2,000, ದಿನಸಿ ಮತ್ತು ಮನೆ 3,000, ಓಡಾಟ 1,800, ಫೋನ್ ಮತ್ತು ಇಂಟರ್‌ನೆಟ್ 600, ಕುಟುಂಬದ ವೀಸಾ ಹಾಗೂ ವಿಮೆಯನ್ನು ತಿಂಗಳಿಗೆ ಹಂಚಿದರೆ 500. ಒಟ್ಟು 17,300. ಉಳಿಯುವುದು 2,700.

ಶಾಲೆಯ ಸಾಲಿಗೆ ನಾನು ಹಿಡಿದದ್ದು ವರ್ಷಕ್ಕೆ ಶುಲ್ಕ 18,000, ಬಸ್ 6,000. ಪಠ್ಯಕ್ರಮ ಬದಲಾದರೆ ಇದು ಎರಡು ಮೂರು ಪಟ್ಟಾಗುತ್ತದೆ. ದುಬೈನಲ್ಲಿ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಮಾಡುವ ಕೆಎಚ್‌ಡಿಎ ಸೈಟ್‌ನಲ್ಲಿ ಪ್ರತಿ ಶಾಲೆಯ ತರಗತಿವಾರು ಅನುಮೋದಿತ ಶುಲ್ಕ ಸಿಗುತ್ತದೆ. ಒಂದನೇ ತರಗತಿಯದ್ದಷ್ಟೇ ಅಲ್ಲ, ಮೂರನೆಯದರವರೆಗೂ ನೋಡಿ, ತರಗತಿ ಏರಿದಂತೆ ಶುಲ್ಕವೂ ಏರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸದ ಸಂಖ್ಯೆ 20,000 ಅಲ್ಲ, ಬೇಸಿಕ್ 10,000. ಇಲ್ಲಿ ಸೇವಾಂತ್ಯದ ಗ್ರ್ಯಾಚುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ ಸುಮಾರು 7,000. ಬೇಸಿಕ್ 14,000 ಮಾಡಿಸಿದರೆ 9,800. ಉಳಿದ ರಜೆಯ ಹಣವೂ ಬೇಸಿಕ್ ಮೇಲೆ. ಕಡ್ಡಾಯ ಉದ್ಯೋಗನಷ್ಟ ವಿಮೆಯ ಪರಿಹಾರವೂ ಬೇಸಿಕ್‌ನ 60%, ಅದೂ ಒಂದು ಕ್ಲೇಮಿಗೆ ಗರಿಷ್ಠ ಮೂರು ತಿಂಗಳು. ಒಟ್ಟು 20,000 ಹಾಗೇ ಇಟ್ಟು ಒಳಗಿನ ಹಂಚಿಕೆ ಬದಲಿಸಿ ಎಂದು ಕೇಳಿ. ತಿಂಗಳ ಸಂಬಳದಲ್ಲಿ ಕಂಪನಿಗೆ ಒಂದು ಕಾಸೂ ಹೆಚ್ಚಾಗುವುದಿಲ್ಲ, ಅದಕ್ಕೇ ಒಪ್ಪುವ ಸಾಧ್ಯತೆ ಹೆಚ್ಚು.

ಕುಟುಂಬದ ವಿಮೆ: ದುಬೈನಲ್ಲಿ ಉದ್ಯೋಗಿಗೆ ವಿಮೆ ಮಾಡಿಸುವುದು ಕಂಪನಿಯ ಹೊಣೆ, ಹೆಂಡತಿ ಮಕ್ಕಳದ್ದು ಅವರನ್ನು ಪ್ರಾಯೋಜಿಸುವವರ ಹೊಣೆ. ಪತ್ರದಲ್ಲಿ ‘ಆರೋಗ್ಯ ವಿಮೆ’ ಎಂದಷ್ಟೇ ಇದ್ದರೆ ಅದು ನಿಮಗೊಬ್ಬರಿಗೇ ಎಂದು ಓದಿಕೊಳ್ಳಿ. ಮದುವೆ, ಜನನ ಪ್ರಮಾಣಪತ್ರಗಳ ದೃಢೀಕರಣವನ್ನು ಹೊರಡುವ ಮೊದಲೇ ಮುಗಿಸಿ: ಭಾರತದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಆಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ, ಇದೇ ಕ್ರಮದಲ್ಲಿ.

---

ಹೊಸಹಾದಿ:

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಧನ್ಯವಾದ. ಎರಡು ಅನುಮಾನ. ಹೆಂಡತಿ, ಮಗು ಆರು ತಿಂಗಳ ನಂತರ ಬಂದರೆ ಮ್ಯೂನಿಕ್ ಲೆಕ್ಕ ಏನಾಗುತ್ತದೆ? ಪಿಂಚಣಿಗೆ ಹೋಗುವ 9.3% ಮೂರು ವರ್ಷಕ್ಕೆ ಹೊರಟರೆ ಮುಳುಗಿದಂತೆಯೇ?

---

ಇಸಾರ್_ದಂಡೆ:

ಹೆಂಡತಿ ಭಾರತದಲ್ಲಿರುವವರೆಗೆ ನಿಮ್ಮದು ವರ್ಗ 1. ಮಗುವೂ ಅಲ್ಲೇ ಇದ್ದರೆ ಕಿಂಡರ್‌ಗೆಲ್ಡ್ ಇಲ್ಲ. ಅಂದರೆ ಕೈಗೆ 4,285 ಬದಲು 3,585. ಆದರೆ ಅದೇ ಕ್ಯಾಲೆಂಡರ್ ವರ್ಷದೊಳಗೆ ಅವರು ಬಂದು ನೋಂದಾಯಿಸಿದರೆ ಆ ವರ್ಷಕ್ಕೆ ಜಂಟಿ ರಿಟರ್ನ್ ಹಾಕಬಹುದು, ಹೆಚ್ಚು ಕಟ್ಟಿದ ತೆರಿಗೆಯ ಬಹುಪಾಲು ವಾಪಸ್ ಬರುತ್ತದೆ. ಡಿಸೆಂಬರ್‌ನಲ್ಲಿ ಬರುವುದಕ್ಕೂ ಜನವರಿಯಲ್ಲಿ ಬರುವುದಕ್ಕೂ ಇರುವ ವ್ಯತ್ಯಾಸ ವಿಮಾನದ ಟಿಕೆಟ್ ದರಕ್ಕಿಂತ ದೊಡ್ಡದು. ಅದೇ ವರ್ಷ ಭಾರತದಲ್ಲಿ ದುಡಿದ ಸಂಬಳಕ್ಕೆ ಜರ್ಮನಿ ತೆರಿಗೆ ಹಾಕುವುದಿಲ್ಲ, ಆದರೆ ಜರ್ಮನ್ ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸಲು ಅದನ್ನೂ ಕೂಡಿಸುತ್ತದೆ. ಹಾಗಾಗಿ ವಾಪಸಾತಿ ನಿರೀಕ್ಷೆಗಿಂತ ಸ್ವಲ್ಪ ಕಡಿಮೆ ಬರುತ್ತದೆ.

ಪಿಂಚಣಿ ಕನ್ನಡಿಯೊಳಗಿನ ಗಂಟಲ್ಲ. 60 ತಿಂಗಳಿಗಿಂತ ಕಡಿಮೆ ಕಟ್ಟಿ, ಐರೋಪ್ಯ ಒಕ್ಕೂಟದ ಆಚೆ ಬಂದು 24 ತಿಂಗಳು ಕಳೆದ ಮೇಲೆ ಅರ್ಜಿ ಹಾಕಿದರೆ ನಿಮ್ಮ ಪಾಲು ವಾಪಸ್. ಬಡ್ಡಿ ಇಲ್ಲ, ಕಂಪನಿಯ ಪಾಲು ಇಲ್ಲ. ವರ್ಷಕ್ಕೆ 6,510ರಂತೆ ಮೂರು ವರ್ಷಕ್ಕೆ 19,530 ಯೂರೋ. ಸಂಬಳದ ವಾರ್ಷಿಕ ವಿಮಾ ಹೇಳಿಕೆಗಳನ್ನು ಎಸೆಯದೆ ಇಡಿ. ಮೂರು ವರ್ಷ ಎಂದುಕೊಂಡದ್ದು ಐದು ದಾಟಿದರೆ ಈ ದಾರಿ ಮುಚ್ಚುತ್ತದೆ, ಬದಲಿಗೆ ನಿವೃತ್ತಿ ವಯಸ್ಸಿನಲ್ಲಿ ಪಿಂಚಣಿಯ ಹಕ್ಕು ಸಿಗುತ್ತದೆ.

ಇದನ್ನು ಓದುವ ಆನ್‌ಸೈಟ್‌ನವರಿಗೆ: ಭಾರತದ ಕಂಪನಿಯೇ ಕಳಿಸಿದ್ದಾದರೆ ಲೆಕ್ಕ ಬೇರೆ. ಭಾರತದ ಭವಿಷ್ಯನಿಧಿ ಸಂಸ್ಥೆ ಇಪಿಎಫ್‌ಒದಿಂದ ವ್ಯಾಪ್ತಿ ಪ್ರಮಾಣಪತ್ರ (ಅಲ್ಲಿನ ನಿಧಿಗೆ ಕಟ್ಟುತ್ತಿದ್ದೀರಿ ಎಂಬ ಪತ್ರ) ತಂದರೆ 48 ತಿಂಗಳವರೆಗೆ ಜರ್ಮನ್ ಪಿಂಚಣಿ ಕಡಿತ ಇಲ್ಲ.

---

ಕಾಸಿಗೆಕಾಸು:

ಇಬ್ಬರ ಸಂಖ್ಯೆಗಳನ್ನೂ ಪಕ್ಕಪಕ್ಕ ಇಡೋಣ. 1 ಯೂರೋ 4.2 ದಿರ್ಹಮ್ ಎಂದು ಹಿಡಿದಿದ್ದೇನೆ, 36 ತಿಂಗಳಿಗೆ.

ಮ್ಯೂನಿಕ್: ಉಳಿತಾಯ 990 × 36 = 35,640. ಆಮೇಲೆ ಬರುವ ಪಿಂಚಣಿ 19,530. ಮನೆ ಸಜ್ಜಿಗೆ 6,000 ಹೋಗಿ, ಸ್ಥಳಾಂತರದ ಹಣದಲ್ಲಿ ಸ್ವಲ್ಪ ತುಂಬುತ್ತದೆ.

ದುಬೈ: 2,700 × 36 = 97,200, ಗ್ರ್ಯಾಚುಟಿ 21,000. ಒಟ್ಟು 1,18,200 ದಿರ್ಹಮ್, ಅಂದರೆ ಸುಮಾರು 28,140 ಯೂರೋ. ಇದರಿಂದ ಏಜೆಂಟ್, ಮನೆ ಸಜ್ಜು ಕಳೆಯಬೇಕು.

ಮ್ಯೂನಿಕ್ ಗೆದ್ದಿತು ಎಂದು ಹೇಳಿಬಿಡಬೇಡಿ. ದುಬೈನಲ್ಲಿ 96,000ದ ಬದಲು 70,000ದ ಮನೆ ಹಿಡಿದರೆ ವಸತಿ ಶುಲ್ಕವೂ ಇಳಿದು ವರ್ಷಕ್ಕೆ 27,300 ಉಳಿಯುತ್ತದೆ, ಮೂರು ವರ್ಷಕ್ಕೆ 19,500 ಯೂರೋ. ಆಗ ದುಬೈ 47,600, ಮ್ಯೂನಿಕ್ ಪಿಂಚಣಿ ಬಿಟ್ಟು 35,640, ಸೇರಿಸಿ 55,170. ಪಿಂಚಣಿ ಸಿಗುವುದು ಹೊರಟ ಎರಡು ವರ್ಷದ ಮೇಲೆ, ಬಡ್ಡಿಯಿಲ್ಲದೆ. ಹೀಗೆ ಒಂದು ಸಾಲು ಬದಲಾದರೆ ಫಲಿತಾಂಶವೇ ಬದಲು. ನಿಮ್ಮ ವಿಷಯದಲ್ಲಿ ಆ ಸಾಲುಗಳು ಎರಡೇ: ಬಾಡಿಗೆ, ಶಾಲೆ. ಹಾಲು ಮೊಸರಿನ ಬೆಲೆ ಹುಡುಕುವ ಹೊತ್ತನ್ನು ಇವೆರಡಕ್ಕೆ ಕೊಡಿ. ಎರಡೂ ಊರಿನಲ್ಲಿ ಕಚೇರಿಯಿಂದ 45 ನಿಮಿಷದೊಳಗಿನ ಹತ್ತತ್ತು ಮನೆಗಳ ಈಗಿನ ಜಾಹೀರಾತು ಬರೆದುಕೊಂಡು, ಅತಿ ಅಗ್ಗದ ಮೂರನ್ನು ಹೊಡೆದುಹಾಕಿ, ಉಳಿದವುಗಳ ನಡುವಿನ ಸಂಖ್ಯೆ ಹಿಡಿಯಿರಿ. ತೀರಾ ಅಗ್ಗದವು ಒಂದೋ ಆಗಲೇ ಹೋಗಿರುತ್ತವೆ, ಇಲ್ಲವೇ ಮೋಸ. ನೋಡುವ ಮೊದಲೇ ಠೇವಣಿ ಕೇಳುವ ಮನೆಗೆ ಹಣ ಕಳಿಸಬೇಡಿ.

ಎರಡನೇ ವರ್ಷದ ಬಾಡಿಗೆಯನ್ನೂ ಯೋಚಿಸಿ. ದುಬೈನಲ್ಲಿ ನವೀಕರಣದ ಹೆಚ್ಚಳಕ್ಕೆ ಮಿತಿ ಇದೆ: ನಿಮ್ಮ ಬಾಡಿಗೆ ಅಲ್ಲಿನ ಸರ್ಕಾರಿ ಬಾಡಿಗೆ ಸೂಚ್ಯಂಕದ ಮೊತ್ತಕ್ಕಿಂತ 10%ವರೆಗೆ ಕಡಿಮೆ ಇದ್ದರೆ ಏರಿಸುವಂತಿಲ್ಲ, ಅಲ್ಲಿಂದ ಹಂತ ಹಂತವಾಗಿ ಗರಿಷ್ಠ 20%. 90 ದಿನ ಮುಂಚಿತ ನೋಟಿಸ್ ಬೇಕು. ಮ್ಯೂನಿಕ್ ಒಪ್ಪಂದದಲ್ಲಿ ‘ಇಂಡೆಕ್ಸ್’ ಅಥವಾ ‘ಸ್ಟಾಫೆಲ್’ ಎಂಬ ಪದ ಇದೆಯೇ ನೋಡಿ: ಮೊದಲನೆಯದು ಹಣದುಬ್ಬರದ ಜೊತೆ ಏರುವ ಬಾಡಿಗೆ, ಎರಡನೆಯದು ಮೊದಲೇ ಬರೆದಿಟ್ಟ ಮೆಟ್ಟಿಲು.

ಮ್ಯೂನಿಕ್ ಕಂಪನಿಯನ್ನು ಇನ್ನೊಂದು ಕೇಳಿ. 4,000 ಯೂರೋವನ್ನು ಬೋನಸ್ ಆಗಿ ಕೊಟ್ಟರೆ ಅದು ಸಂಬಳವೇ, ಕಡಿತ ಬೀಳುತ್ತದೆ. ವಿಮಾನ, ಸಾಗಣೆಯಂಥ ನಿಜವಾದ ಸ್ಥಳಾಂತರ ಖರ್ಚಿನ ರಸೀದಿ ನೋಡಿ ಭರಿಸಿದರೆ ತೆರಿಗೆ ಇಲ್ಲ. ಅದೇ 4,000 ಕಂಪನಿಗೆ, ನಿಮಗೆ ಬೇರೆ ಬೇರೆ ಮೊತ್ತ.

---

ಏಳನೇಮನೆ:

ಭಾರತದ ಬದಿಯನ್ನು ಯಾರೂ ಮುಟ್ಟಲಿಲ್ಲ. ಉದ್ಯೋಗಕ್ಕಾಗಿ ಹೊರಡುವ ಭಾರತೀಯ ನಾಗರಿಕ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಆ ವರ್ಷಕ್ಕೆ ನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ನವೆಂಬರ್‌ನಲ್ಲಿ ಹೊರಟರೆ ಮಾರ್ಚ್‌ವರೆಗಿನ ದುಬೈ ಸಂಬಳವನ್ನು ಭಾರತದ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ತೆರಿಗೆಯೇ ಕಟ್ಟಿರದ ಕಾರಣ ಇಲ್ಲಿನ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ. ಜರ್ಮನಿಯದ್ದಾದರೆ ಅಲ್ಲಿ ಕಟ್ಟಿದ ತೆರಿಗೆಗೆ ರಿಯಾಯಿತಿ ಸಿಗುತ್ತದೆ. ಸೇರುವ ದಿನಾಂಕ ಮಾತಾಡುವಾಗ ಇದನ್ನು ಇಟ್ಟುಕೊಳ್ಳಿ.

ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಭಾರತದೊಳಗಿನ ಆದಾಯಕ್ಕೆ) ಮಾಡಿಸಬೇಕು, ಹೊರಗಿನಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂದು ಎಲ್ಲರಿಗೂ ಗೊತ್ತು. ಜರ್ಮನಿ ನಿವಾಸಿಯ ಇಡೀ ಜಗತ್ತಿನ ಆದಾಯಕ್ಕೆ ತೆರಿಗೆ ಹಾಕುತ್ತದೆ, ಆ ಬಡ್ಡಿಗೂ: ದಂಪತಿಗೆ ವರ್ಷಕ್ಕೆ 2,000 ಯೂರೋ ವಿನಾಯಿತಿ, ಮೇಲಿನದಕ್ಕೆ 25% ಮತ್ತು ಅದರ ಮೇಲೆ ಸೋಲಿ ಎಂಬ ಮೇಲ್ತೆರಿಗೆ. ಊರಿನಲ್ಲಿ ದೊಡ್ಡ ಠೇವಣಿ ಇದ್ದರೆ ಮ್ಯೂನಿಕ್‌ನ ಸಾಲಿನಲ್ಲಿ ಇದನ್ನೂ ಕಳೆಯಿರಿ.

ಹಣ ಕಳಿಸುವಾಗ ‘ಶುಲ್ಕ ಸೊನ್ನೆ’ ಎಂಬುದನ್ನು ನೋಡಬೇಡಿ. 1,000 ಕಳಿಸಿದರೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದೊಂದನ್ನೇ ಮೂರು ಕಡೆ, ಒಂದೇ ಹೊತ್ತಿಗೆ ಹೋಲಿಸಿ. ಲಾಭ ವಿನಿಮಯ ದರದೊಳಗೆ ಅಡಗಿರುತ್ತದೆ. ದಿರ್ಹಮ್ ಡಾಲರಿಗೆ 3.6725ರಲ್ಲಿ ಕಟ್ಟಿಹಾಕಿದ ಕರೆನ್ಸಿ, ಆದ್ದರಿಂದ ದುಬೈ ಉಳಿತಾಯ ಎಂದರೆ ಡಾಲರ್ ಉಳಿತಾಯವೇ. ಯೂರೋ ತನ್ನ ಪಾಡಿಗೆ ಏರಿಳಿಯುತ್ತದೆ. ಮೇಲಿನ 4.2 ಅನ್ನು 3.9ಕ್ಕೂ 4.5ಕ್ಕೂ ಇಟ್ಟು ಒಮ್ಮೆ ನೋಡಿ.

---

ಮರಳುಗಾಳಿ:

ಒಂದು ಬಿಟ್ಟುಹೋಗಿತ್ತು. ಪತ್ರದಲ್ಲಿ ‘ಇಷ್ಟು ತಿಂಗಳೊಳಗೆ ಬಿಟ್ಟರೆ ವೀಸಾ ಮತ್ತು ನೇಮಕಾತಿ ಖರ್ಚು ಮರುಪಾವತಿ’ ಎಂಬ ಸಾಲು ಇದೆಯೇ ನೋಡಿ. ನೇಮಕಾತಿ ಖರ್ಚನ್ನು ಉದ್ಯೋಗಿಯಿಂದ ವಸೂಲಿ ಮಾಡುವಂತಿಲ್ಲ ಎಂದು 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಆ ಸಾಲು ಇದ್ದರೆ ತೆಗೆಸಿ. ತೆಗೆಯಲು ಒಪ್ಪದಿದ್ದರೆ ಆ ಕಂಪನಿ ಉಳಿದ ಭತ್ಯೆಗಳನ್ನು ಹೇಗೆ ಕೊಡುತ್ತದೆ ಎಂಬುದೂ ಅಂದಾಜಾಗುತ್ತದೆ.

---

ಹೊಸಹಾದಿ:

ಆ ಸಾಲು ಇದೆ, 24 ತಿಂಗಳು ಎಂದು. ಬೇಸಿಕ್ 14,000, ಕುಟುಂಬದ ವಿಮೆ, ಆರು ತಿಂಗಳ ಮನೆ ಭತ್ಯೆ ಮುಂಗಡ, ಈ ಮೂರರ ಜೊತೆ ಅದನ್ನೂ ಸೇರಿಸಿ ಇವತ್ತೇ ಮೇಲ್ ಹಾಕುತ್ತೇನೆ. ಮ್ಯೂನಿಕ್‌ನವರಿಗೆ ರಸೀದಿ ಮೇಲೆ ಭರಿಸುವ ಬಗ್ಗೆ, ಮತ್ತು ಸೇರುವ ದಿನಾಂಕ ಸೆಪ್ಟೆಂಬರ್ ಮಧ್ಯಕ್ಕೆ ತರಲು ಆಗುತ್ತದೆಯೇ ಎಂದು.